ಸ್ಪರ್ಶನೇಂದ್ರಿಯದ ಸಂಸ್ಥಾನ ವಿಚಾರ

೧

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ, ಕಡಲಿಗೆ ಹೆಚ್ಚು ದೂರವಿಲ್ಲದೆ, ನಂದಿಕೂರೆಂಬ ಗ್ರಾಮವಿರುವುದು. ಈಗ ಇದು ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿಗೆ ಸೇರಿದೆ. ಈ ಗ್ರಾಮವನ್ನು ನಡುವಾಗಿಟ್ಟುಕೊಂಡು ಸುತ್ತ ನೋಡಿದರೆ, ತುಳುನಾಡಿನ ವಿದ್ಯಾಚರಿತ್ರೆಗೆ ಸೇರಿದ ಹಲವು ಸ್ಥಾನಗಳು ಒಂದು ದಿನದ ಪಯಣದೊಳಗೇ ದೊರೆಯುವುವು. ಉತ್ತರಕ್ಕೆ ಮಧ್ವಾಚಾರ್ಯರು ಹುಟ್ಟಿದ ಪಾಜಕಕ್ಷೇತ್ರವೂ ಅವರ ಮಠಗಳಿರುವ ಉಡುಪಿಯೂ ಇವೆ. ಮೂಡಣ ದಿಕ್ಕಿನಲ್ಲಿ ೧೪೩೨ರಲ್ಲಿ ವೀರಪಾಂಡ್ಯ ಭೈರರಸನು ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳವಿದೆ. ಅದರ ತೆಂಕಣಕ್ಕೆ ಧವಲಾದಿ ಸಿದ್ಧಾಂತಗ್ರಂಥಗಳ ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಮೂಡಬಿದಿರೆಯಿದೆ. ಉಡುಪಿಯ ನೆರೆಯ ಮಣಿಪಾಲದ ಗುಡ್ಡದ ಮೇಲೆ ೧೯೫೩ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜಿದೆ. ಇನ್ನೂ ತೆಂಕಣಕ್ಕೆ ಮಂಗಳೂರಿನ ಕಂಕನಾಡಿಯಲ್ಲಿ ೧೮೯೦ರಿಂದ ಕುಷ್ಠರೋಗಿಗಳಿಗೆ ಆಶ್ರಯವಿತ್ತ ಆಸ್ಪತ್ರೆಯಿದೆ.

ಮನುಷ್ಯನ ಚರ್ಮಕ್ಕೆ ಮುಟ್ಟಿದುದು ಹೇಗೆ ತಿಳಿಯುತ್ತದೆಂಬ ಒಂದೇ ಪ್ರಶ್ನೆಯನ್ನು ಈ ಸ್ಥಾನಗಳು ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಉದ್ದೇಶದಿಂದ ಎದುರಿಸಿವೆ. ಬಸದಿಯವರಿಗೆ ಅದು ಜೀವವಿಭಾಗದ ಪ್ರಶ್ನೆ. ಮಠದವರಿಗೆ ಪ್ರಮಾಣದ ಪ್ರಶ್ನೆ. ವೈದ್ಯರಿಗೆ ರೋಗನಿದಾನದ ಪ್ರಶ್ನೆ. ಕಂಕನಾಡಿಯ ರೋಗಿಗಾದರೋ ಅದು ತನ್ನ ಕೈಬೆರಳುಗಳು ಉಳಿಯುವುವೋ ಇಲ್ಲವೋ ಎಂಬ ಪ್ರಶ್ನೆ. ಈ ವಿಚಾರಗಳನ್ನು ಒಂದೆಡೆ ತಂದು, ಹಿಂದಿನವರು ಕಂಡುದೆಷ್ಟು, ಕಾಣದೆ ಉಳಿದುದೆಷ್ಟು, ಈಚಿನವರು ಸೇರಿಸಿದುದೆಷ್ಟು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಜೈನಾಗಮದಲ್ಲಿ ಇಂದ್ರಿಯಗಳ ಗಣನೆ ಕಣ್ಣಿನಿಂದ ಮೊದಲಾಗುವುದಿಲ್ಲ, ಸ್ಪರ್ಶನದಿಂದ ಮೊದಲಾಗುತ್ತದೆ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಸ್ಪರ್ಶನ, ರಸನ, ಘ್ರಾಣ, ಚಕ್ಷು, ಶ್ರೋತ್ರಗಳೆಂಬ ಕ್ರಮವಿರುವುದು. ಈ ಕ್ರಮ ಆಕಸ್ಮಿಕವಾದುದಲ್ಲ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿಗಳನ್ನು ದೇಹವಾಗಿ ಉಳ್ಳ ಜೀವಗಳಿಗೆ ಸ್ಪರ್ಶನವೊಂದೇ ಇಂದ್ರಿಯ. ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಂದ್ರಿಯಗಳು ಏರುತ್ತ ಹೋಗುವುವು. ಉಳಿದ ನಾಲ್ಕು ಇಂದ್ರಿಯಗಳಲ್ಲಿ ಯಾವುದಿಲ್ಲದೆಯೂ ಜೀವವಿರಬಹುದು, ಸ್ಪರ್ಶನವಿಲ್ಲದೆ ಸಂಸಾರಿಜೀವವಿಲ್ಲ. ಗಿಡಮರಗಳಿಗೂ ಮುಟ್ಟಿದುದು ತಿಳಿಯುವುದೆಂಬ ಮಾತು ಇದರಲ್ಲಿ ಅಡಗಿದೆ. ಕರಾವಳಿಯ ಹಾದಿಬದಿಯಲ್ಲೆಲ್ಲ ಈಗ ಹಬ್ಬಿರುವ ‘ಮುಟ್ಟಿದರೆ ಮುನಿ’ಯನ್ನು ಇದಕ್ಕೆ ನಿದರ್ಶನವಾಗಿ ತೋರಿಸುವುದು ಸುಲಭ. ಆದರೆ ಆ ಗಿಡ ಅಮೇರಿಕ ಖಂಡದಿಂದ ಬಂದುದು. ಹಿಂದಿನ ಆಚಾರ್ಯರು ಅದನ್ನು ಕಂಡವರಲ್ಲ. ಅವರು ಈ ನಿರ್ಣಯಕ್ಕೆ ಬಂದುದು ಒಂದು ಗಿಡದ ಚೇಷ್ಟೆಯನ್ನು ನೋಡಿಯಲ್ಲ; ಜೀವಕ್ಕೆ ಕನಿಷ್ಠಪಕ್ಷ ಯಾವ ಅರಿವು ಬೇಕೆಂಬ ವಿಚಾರದಿಂದ.

ಇಂದ್ರಿಯದ ರಚನೆಯನ್ನು ಕುರಿತೂ ಅವರು ಸೂಕ್ಷ್ಮವಾದ ವಿಭಾಗವನ್ನು ಮಾಡಿರುತ್ತಾರೆ. ಇಂದ್ರಿಯವು ದ್ರವ್ಯೇಂದ್ರಿಯ, ಭಾವೇಂದ್ರಿಯವೆಂದು ಎರಡು ಬಗೆ. ದ್ರವ್ಯೇಂದ್ರಿಯದಲ್ಲಿ ನಿರ್ವೃತ್ತಿಯೆಂದರೆ ಇಂದ್ರಿಯದ ಆಕಾರ. ಉಪಕರಣವೆಂದರೆ ಆ ಆಕಾರಕ್ಕೆ ನೆರವಾಗುವ ಅಂಗ, ಕಣ್ಣಿಗೆ ರೆಪ್ಪೆಯಿರುವಂತೆ. ಭಾವೇಂದ್ರಿಯದಲ್ಲಿ ಲಬ್ಧಿಯೆಂದರೆ ಅರಿಯುವ ಶಕ್ತಿ. ಉಪಯೋಗವೆಂದರೆ ಆ ಶಕ್ತಿ ವಿಷಯದ ಕಡೆಗೆ ತಿರುಗಿ ಕೆಲಸಮಾಡುವುದು. ಅಂಗವು ನೆಟ್ಟಗಿದ್ದೂ ಮನಸ್ಸು ಬೇರೆಡೆಯಿದ್ದರೆ ಮುಟ್ಟಿದುದು ತಿಳಿಯದು. ಮನಸ್ಸು ಎಚ್ಚರವಿದ್ದೂ ಅಂಗವು ಕೆಟ್ಟಿದ್ದರೆ ಆಗಲೂ ತಿಳಿಯದು. ಈ ಎರಡು ಬಗೆಯ ಅರಿಯದಿರುವಿಕೆಯನ್ನು ಬೇರ್ಪಡಿಸಿದುದು ಜೈನರ ವಿಭಾಗದ ಒಂದು ಹೆಚ್ಚಳ. ಮುಂದೆ ಕುಷ್ಠದ ಪ್ರಸ್ತಾವ ಬಂದಾಗ ಈ ಭೇದವು ಉಪಯುಕ್ತವಾಗುವುದು.

ಇಂದ್ರಿಯಗಳ ಆಕಾರವನ್ನು ಕುರಿತು ಸ್ಪಷ್ಟವಾಗಿ ಹೇಳುವ ಗ್ರಂಥಗಳಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ಮುಖ್ಯವಾದುದು. ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಿಗೆ ಗುರುಸ್ಥಾನದಲ್ಲಿದ್ದವರು ಅವರು. ಗ್ರಂಥದ ಹೆಸರೂ ಆ ರಾಯನ ‘ಗೊಮ್ಮಟ’ನೆಂಬ ಹೆಸರಿನಿಂದಲೇ ಬಂದುದು. ಅದರ ಜೀವಕಾಂಡದಲ್ಲಿ ಕಣ್ಣನ್ನು ಮಸೂರದ ಬೇಳೆಗೂ, ಕಿವಿಯನ್ನು ಜವೆಯ ನಳಿಗೆಗೂ, ಮೂಗನ್ನು ಅತಿಮುಕ್ತದ ಹೂವಿಗೂ, ನಾಲಗೆಯನ್ನು ಖುರಪ್ರವೆಂಬ ಬಾಣದ ಅಲಗಿಗೂ ಹೋಲಿಸಿದೆ. ಸ್ಪರ್ಶನದ ಸರದಿ ಬಂದಾಗ ಹೋಲಿಕೆಯೇ ನಿಂತುಹೋಗುವುದು. ಅದು ‘ಅನೇಕಸಂಸ್ಥಾನ’ವೆಂದಷ್ಟೇ ಹೇಳಿದೆ. ಸಂಸ್ಥಾನವೆಂದರೆ ಇಲ್ಲಿ ಆಕಾರ. ಸ್ಪರ್ಶನೇಂದ್ರಿಯಕ್ಕೆ ಒಂದೇ ಆಕಾರವಿಲ್ಲ, ಹಲವು ಆಕಾರಗಳುಂಟೆಂದು ತಾತ್ಪರ್ಯ. ಈ ಪ್ರಾಕೃತ ಗ್ರಂಥಕ್ಕೆ ಶಕ ೧೨೮೧ರಲ್ಲಿ, ಎಂದರೆ ಕ್ರಿ.ಶ. ೧೩೫೯ರಲ್ಲಿ, ಕೇಶವವರ್ಣಿಯು ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಕಾರ್ಕಳದ ಮೂರ್ತಿ ನಿಂತುದು ಅದಾದ ಎಪ್ಪತ್ತುಮೂರು ವರ್ಷಗಳ ಮೇಲೆ. ಸ್ಪರ್ಶದ ಅನೇಕಾಕಾರದ ಮಾತು ಆ ಹೊತ್ತಿಗಾಗಲೇ ಕನ್ನಡದ ಶಾಸ್ತ್ರಭಾಷೆಯೊಳಕ್ಕೆ ಬಂದಿತ್ತೆಂಬುದು ಇದರಿಂದ ತಿಳಿಯುತ್ತದೆ.

೩

ಸ್ಪರ್ಶದ ವಿಷಯಗಳನ್ನು ಜೈನರು ಎಂಟೆಂದು ಎಣಿಸುತ್ತಾರೆ: ಮೃದು, ಕಠಿನ, ಗುರು, ಲಘು, ಶೀತ, ಉಷ್ಣ, ಸ್ನಿಗ್ಧ, ರೂಕ್ಷ. ಇವು ನಾಲ್ಕು ಜೋಡಿಗಳಾಗಿರುವುದು ಗಮನಾರ್ಹ. ಒಂದು ಪರಮಾಣುವಿನಲ್ಲಿ ಶೀತೋಷ್ಣಗಳಲ್ಲೊಂದು, ಸ್ನಿಗ್ಧರೂಕ್ಷಗಳಲ್ಲೊಂದು, ಹೀಗೆ ಎರಡೇ ಸ್ಪರ್ಶಗಳಿರುವುವು. ಮೃದುತ್ವ, ಭಾರ ಮೊದಲಾದುವು ಪರಮಾಣುಗಳು ಕೂಡಿ ಸ್ಕಂಧವಾದಾಗ ತೋರುವುವು. ವೈಶೇಷಿಕರು ಶೀತ, ಉಷ್ಣ, ಅನುಷ್ಣಾಶೀತವೆಂದು ಮೂರನ್ನೇ ಹೇಳಿ, ತ್ವಗಿಂದ್ರಿಯವು ವಾಯುವಿನಿಂದಾದುದೆಂದು ಸಾಧಿಸಿದರು. ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಇನ್ನೊಂದು ಸ್ವಾರಸ್ಯವಾದ ಚರ್ಚೆಯಿದೆ. ತ್ವಕ್ಕು ಎಲ್ಲ ಇಂದ್ರಿಯಸ್ಥಾನಗಳನ್ನೂ ವ್ಯಾಪಿಸಿರುವುದರಿಂದ ಅದೊಂದೇ ಇಂದ್ರಿಯವೆಂದು ಏಕೆ ಹೇಳಬಾರದೆಂಬುದು ಅಲ್ಲಿಯ ಪೂರ್ವಪಕ್ಷ. ಹಾಗಾದರೆ ಕುರುಡನಿಗೂ ಚರ್ಮವಿರುವುದರಿಂದ ರೂಪವು ತಿಳಿಯಬೇಕಾಗುವುದೆಂಬ ದೋಷವನ್ನು ತೋರಿಸಿ ಅದನ್ನು ನಿರಾಕರಿಸಿದೆ. ಚರಕನು ಮಾತ್ರ ಸ್ಪರ್ಶನವು ಉಳಿದ ಇಂದ್ರಿಯಗಳನ್ನೆಲ್ಲ ವ್ಯಾಪಿಸಿದೆಯೆಂಬ ಅಭಿಪ್ರಾಯವನ್ನು ಒಪ್ಪಿರುವನು. ವೀರಶೈವರ ಷಟ್‌ಸ್ಥಲಗಣನೆಯಲ್ಲಿ ತ್ವಕ್ಕಿಗೂ ಸ್ಪರ್ಶಕ್ಕೂ ಜಂಗಮಲಿಂಗವನ್ನು ಹೇಳಿರುವುದು ಕನ್ನಡ ಸಾಹಿತ್ಯವನ್ನು ಬಲ್ಲವರಿಗೆ ತಿಳಿದೇ ಇದೆ.

ಈ ಗಣನೆಗಳಲ್ಲೆಲ್ಲ ಒಂದು ಲೋಪವು ಮೊದಲ ನೋಟಕ್ಕೆ ತೋರುವುದು. ಚರ್ಮದಿಂದ ತಿಳಿಯುವುವುಗಳಲ್ಲಿ ಎಲ್ಲಕ್ಕಿಂತ ತೀಕ್ಷ್ಣವಾದುದು ನೋವು. ಅದು ಎಂಟು ಸ್ಪರ್ಶಗಳಲ್ಲೂ ಇಲ್ಲ, ಮೂರರಲ್ಲೂ ಇಲ್ಲ. ಇದನ್ನು ಮರೆವೆಂದು ಹೇಳಲಾಗದು. ಸ್ಪರ್ಶಗಳೆಲ್ಲ ಮುಟ್ಟಿದ ವಸ್ತುವಿನ ಗುಣಗಳು. ನೋವಾದರೋ ಮುಳ್ಳಿನ ಗುಣವಲ್ಲ, ಚುಚ್ಚಿಸಿಕೊಂಡವನ ಅನುಭವ. ಆದುದರಿಂದಲೇ ಜೈನರು ಅದನ್ನು ಸ್ಪರ್ಶದ ಪಟ್ಟಿಯಲ್ಲಿ ಸೇರಿಸದೆ, ಅಸಾತಾವೇದನೀಯವೆಂಬ ಕರ್ಮದ ಫಲವಾಗಿ ಬೇರೆ ಕಡೆ ಇಟ್ಟರು. ಪಾಜಕದ ಆಚಾರ್ಯರ ಸಂಪ್ರದಾಯದವರು ಬೇರೊಂದು ದಾರಿಯಿಂದ ಬಂದರೂ ಇಂಥ ವಿಭಾಗವನ್ನೇ ಮುಟ್ಟಿದರು. ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ನಿರೂಪಿಸುವಂತೆ ದ್ವೈತಮತದಲ್ಲಿ ಇಂದ್ರಿಯಗಳು ಏಳು: ಹೊರಗಿನವು ಐದು, ಮನಸ್ಸು ಒಂದು, ಆತ್ಮಸ್ವರೂಪವೇ ಆದ ಸಾಕ್ಷಿ ಒಂದು. ತಂಪು ಬಿಸಿಗಳನ್ನು ತ್ವಕ್ಕು ತಿಳಿಸುವುದು. ಸುಖದುಃಖಗಳನ್ನಾದರೋ ಸಾಕ್ಷಿಯೇ ನೇರವಾಗಿ ಅರಿಯುವುದು. ಬೇರೆ ವಿಷಯಗಳಲ್ಲಿ ಪರಸ್ಪರ ವಿರೋಧಿಗಳಾದ ಈ ಎರಡು ನೆರೆಯ ದರ್ಶನಗಳು, ಮುಟ್ಟಿದುದನ್ನು ಅರಿಯುವುದು ಬೇರೆ, ನೋಯುವುದು ಬೇರೆ ಎಂಬಲ್ಲಿ ಒಂದಾಗಿವೆ.

೪

ದಾರ್ಶನಿಕರಿಗೆ ಚರ್ಮವನ್ನು ಸೀಳಿ ನೋಡುವ ಅವಶ್ಯಕತೆಯಿರಲಿಲ್ಲ; ಶಲ್ಯವೈದ್ಯನಿಗೆ ಇತ್ತು. ಚರಕನು ಆರು ತ್ವಕ್ಕುಗಳನ್ನು ಎಣಿಸಿದರೆ, ಸುಶ್ರುತನು ಶಾರೀರಸ್ಥಾನದಲ್ಲಿ ಏಳನ್ನು ಹೆಸರಿಸಿರುವನು: ಅವಭಾಸಿನಿ, ಲೋಹಿತೆ, ಶ್ವೇತೆ, ತಾಮ್ರೆ, ವೇದಿನಿ, ರೋಹಿಣಿ, ಮಾಂಸಧರೆ. ಒಂದೊಂದಕ್ಕೂ ಭತ್ತದ ಕಾಳಿನ ಲೆಕ್ಕದಲ್ಲಿ ದಪ್ಪವನ್ನೂ, ಅದರಲ್ಲಿ ನೆಲೆಸುವ ರೋಗಗಳನ್ನೂ ಹೇಳಿದೆ. ಐದನೆಯದಾದ ವೇದಿನಿ ಭತ್ತದ ಐದನೆಯ ಒಂದು ಪಾಲಿನಷ್ಟು ದಪ್ಪವಾದುದು. ಕುಷ್ಠ ವಿಸರ್ಪಗಳಿಗೆ ಅದು ಆಶ್ರಯ. ವೇದಿನಿಯೆಂದರೆ ಅರಿಯುವವಳು. ಅರಿವಿನ ಹೆಸರುಳ್ಳ ಪದರವೇ ಕುಷ್ಠದ ನೆಲೆಯೆಂದು ಹೇಳಿರುವುದು ವಿಚಾರಾರ್ಹವಾಗಿದೆ. ಕುಷ್ಠನಿದಾನದಲ್ಲಿ, ರೋಗವು ತ್ವಕ್ಕನ್ನು ಆಶ್ರಯಿಸಿದಾಗ ಕಾಣುವ ಲಕ್ಷಣಗಳಲ್ಲಿ ಸ್ಪರ್ಶಹಾನಿಯನ್ನು ಎಣಿಸಿದೆ. ತುರಿಕೆ, ಬಣ್ಣಗೆಡುವಿಕೆ, ಒರಟುತನಗಳು ಅದರ ಜೊತೆಯವು.

ಇಲ್ಲಿ ಎಚ್ಚರಿಕೆಯೂ ಬೇಕು. ಸುಶ್ರುತನ ಕಾಲದ ‘ಕುಷ್ಠ’ವು ಇಂದು ಆ ಹೆಸರಿನಿಂದ ಕರೆಯುವ ಒಂದೇ ರೋಗವಲ್ಲ, ಹದಿನೆಂಟು ಬಗೆಯ ಚರ್ಮರೋಗಗಳಿಗೆ ಅದು ಸಾಮಾನ್ಯವಾದ ಹೆಸರು. ಏಳು ಪದರಗಳೂ ಈಚಿನ ಶಾರೀರಶಾಸ್ತ್ರದ ಪದರಗಳಿಗೆ ಒಂದಕ್ಕೊಂದು ಸರಿಹೊಂದುವುದಿಲ್ಲ. ವೇದಿನಿಯೊಳಗೆ ನರಾಗ್ರಗಳನ್ನು ಸುಶ್ರುತನು ಕಂಡಿದ್ದನೆಂದು ಹೇಳುವುದು ಗ್ರಂಥದಲ್ಲಿಲ್ಲದುದನ್ನು ಗ್ರಂಥಕ್ಕೆ ಹೊರಿಸುವುದಾಗುತ್ತದೆ. ಆದರೆ ಇಷ್ಟನ್ನು ನಿಶ್ಚಯವಾಗಿ ಹೇಳಬಹುದು: ಅರಿವು ಚರ್ಮದ ಹೊರಮೈಯಲ್ಲಿಲ್ಲ, ಒಳಗಿನ ಒಂದು ಪದರದಲ್ಲಿದೆ, ಅಲ್ಲಿಗೆ ರೋಗವು ಇಳಿದಾಗ ಅರಿವು ಅಳಿಯುತ್ತದೆ ಎಂಬ ಎರಡು ಅಂಶಗಳನ್ನು ಆತನು ಒಟ್ಟಿಗೆ ಇಟ್ಟಿರುವನು. ಗ್ರೀಕರ ಅರಿಸ್ಟಾಟಲನೂ ಸ್ಪರ್ಶವು ಒಂದು ಇಂದ್ರಿಯವೋ ಹಲವೋ ಎಂದು ಶಂಕಿಸಿ, ಮಾಂಸವು ಬರಿಯ ಮಾಧ್ಯಮ, ನಿಜವಾದ ಇಂದ್ರಿಯವು ಅದಕ್ಕಿಂತ ಒಳಗೆ ಇದೆಯೆಂದು ತೀರ್ಮಾನಿಸಿದ್ದನು. ಅಂತೂ ಎರಡು ದೇಶದವರೂ ಚರ್ಮದ ಕೆಳಗೆ ಏನೋ ಇದೆಯೆಂಬ ಊಹೆಯ ತನಕ ಬಂದು ನಿಂತರು. ಮುಂದಿನ ಹೆಜ್ಜೆಗೆ ಸೂಕ್ಷ್ಮದರ್ಶಕ ಯಂತ್ರ ಬೇಕಾಗಿತ್ತು.

೫

ಆ ಹೆಜ್ಜೆ ಯೂರೋಪಿನಲ್ಲಿ ತಡೆತಡೆದು ಬಿದ್ದಿತು. ಜರ್ಮನಿಯ ಫಾಟರನು ೧೭೪೧ರಲ್ಲಿ ಬೆರಳ ನರಗಳಿಗೆ ಅಂಟಿಕೊಂಡ ಸಣ್ಣ ಗಂಟುಗಳನ್ನು ಕಂಡನು; ಅದು ಮರೆತುಹೋಯಿತು. ೧೮೩೦ರ ದಶಕದಲ್ಲಿ ಇಟಲಿಯ ಪಚೀನಿ ಅವನ್ನೇ ಮತ್ತೆ ಕಂಡು ವಿವರಿಸಿದನು. ಈರುಳ್ಳಿಯ ಹಾಗೆ ಪೊರೆಯ ಮೇಲೆ ಪೊರೆಯುಳ್ಳ ಈ ಕಾಯವು ಸುಮಾರು ಒಂದು ಮಿಲ್ಲಿಮೀಟರು ಉದ್ದವಿದ್ದು ಬರಿಗಣ್ಣಿಗೂ ಕಾಣುವಂಥದು. ೧೮೫೨ರಲ್ಲಿ ಗಟಿಂಗೆನ್ನಿನ ಮೈಸ್ನರನೂ ಅವನ ಗುರು ವಾಗ್ನರನೂ ಬೆರಳ ತುದಿಯ ತೊಗಲಿನ ಮೇಲ್ಭಾಗದಲ್ಲಿ ಬೇರೊಂದು ಬಗೆಯ ಪುಟ್ಟ ಅಂಡಾಕಾರದ ಕಾಯಗಳನ್ನು ಕಂಡರು. ಕಂಡ ಕೀರ್ತಿ ಯಾರದೆಂದು ಅವರಿಬ್ಬರಲ್ಲೇ ವಿವಾದವಾಯಿತು. ೧೮೭೫ರಲ್ಲಿ ಮೆರ್ಕೆಲನು ಹೊರತೊಗಲಿನ ತಳದಲ್ಲಿ ನರದೆಳೆಯ ತಟ್ಟೆಗಳನ್ನು ಹೊತ್ತ ಕೋಶಗಳನ್ನು ವರ್ಣಿಸಿದನು. ೧೮೯೦ರ ದಶಕದಲ್ಲಿ ರುಫೀನಿಯು ಕದಿರಿನಾಕಾರದ ಮತ್ತೊಂದು ಬಗೆಯನ್ನು ಸೇರಿಸಿದನು. ಇವಲ್ಲದೆ ಕೂದಲ ಬುಡವನ್ನು ಸುತ್ತಿದ ನರದೆಳೆಗಳೂ, ಯಾವ ಹೊದಿಕೆಯೂ ಇಲ್ಲದೆ ತೊಗಲಿನಲ್ಲಿ ಕೊನೆಗೊಳ್ಳುವ ಬರಿಯ ನರಾಗ್ರಗಳೂ ಇವೆ.

ಇದೇ ಕಾಲದಲ್ಲಿ ಅಂಗವನ್ನು ಬಿಟ್ಟು ಅನುಭವವನ್ನು ಅಳೆಯುವ ಕೆಲಸವೂ ನಡೆಯಿತು. ವೇಬರನು ೧೮೩೪ರಲ್ಲಿ ಕೈವಾರದ ಎರಡು ಮೊನೆಗಳನ್ನು ಮೈಮೇಲಿಟ್ಟು, ಅವು ಎರಡೆಂದು ತಿಳಿಯಬೇಕಾದರೆ ನಡುವೆ ಎಷ್ಟು ದೂರವಿರಬೇಕೆಂದು ಪರೀಕ್ಷಿಸಿದನು. ಬೆರಳ ತುದಿಯಲ್ಲಿ ಎರಡು ಮಿಲ್ಲಿಮೀಟರಿನ ಅಂತರವೇ ಸಾಕು. ಬೆನ್ನಿನಲ್ಲಿ ಅದರ ಇಪ್ಪತ್ತರಷ್ಟಾದರೂ ಬೇಕು. ೧೮೮೦ರ ದಶಕದಲ್ಲಿ ಬ್ಲಿಕ್ಸ್, ಗೋಲ್ಡ್‌ಷೈಡರ್ ಎಂಬವರು ತೊಗಲಿನಲ್ಲಿ ತಂಪು ತಿಳಿಯುವ ಚುಕ್ಕೆಗಳು, ಬಿಸಿ ತಿಳಿಯುವ ಚುಕ್ಕೆಗಳು ಬೇರೆಬೇರೆಯಾಗಿರುವುದನ್ನು ತೋರಿಸಿದರು. ಮುಂದಿನ ದಶಕದಲ್ಲಿ ಫಾನ್ ಫ್ರೇ ಎಂಬಾತನು ಬೇರೆಬೇರೆ ಬಿಗುಪಿನ ಕೂದಲುಗಳನ್ನು ಕಡ್ಡಿಯ ತುದಿಗೆ ಅಂಟಿಸಿ ಒತ್ತಿ, ಮುಟ್ಟು ತಿಳಿಯುವ ಚುಕ್ಕೆಗಳನ್ನೂ ನೋವು ತಿಳಿಯುವ ಚುಕ್ಕೆಗಳನ್ನೂ ಗುರುತಿಸಿದನು. ನೋವು ಮುಟ್ಟಿನ ಹೆಚ್ಚಳವಲ್ಲ, ಬೇರೆಯೇ ಒಂದು ವೇದನೆಯೆಂಬುದು ಆತನ ಸಿದ್ಧಾಂತ.

ಫ್ರೇ ಇಲ್ಲಿಗೆ ನಿಲ್ಲದೆ, ಒಂದೊಂದು ಆಕಾರದ ನರಾಗ್ರಕ್ಕೆ ಒಂದೊಂದು ಗುಣವನ್ನು ಹಂಚಿಬಿಟ್ಟನು: ಮೈಸ್ನರನ ಕಾಯಕ್ಕೆ ಮುಟ್ಟು, ಕ್ರೌಸೆಯ ಕಾಯಕ್ಕೆ ತಂಪು, ರುಫೀನಿಯ ಕಾಯಕ್ಕೆ ಬಿಸಿ, ಬರಿಯ ನರಾಗ್ರಕ್ಕೆ ನೋವು. ಹಂಚಿಕೆ ಅಂದವಾಗಿತ್ತು; ಅರ್ಧ ತಪ್ಪಾಗಿತ್ತು. ತಂಪನ್ನೂ ಬಿಸಿಯನ್ನೂ ತಿಳಿಸುವುವು ಕೂಡ ಬರಿಯ ನರಾಗ್ರಗಳೇ ಎಂದು ಮುಂದೆ ಗೊತ್ತಾಯಿತು. ಹೊದಿಕೆಯುಳ್ಳ ಕಾಯಗಳೆಲ್ಲ ಒತ್ತುವಿಕೆಯ ಬೇರೆಬೇರೆ ಬಗೆಗಳನ್ನು ಅರಿಯತಕ್ಕುವು. ಮೆರ್ಕೆಲನವು ನಿಂತ ಒತ್ತಡವನ್ನೂ ಅಂಚುಗಳನ್ನೂ ತಿಳಿಸುತ್ತವೆ. ಮೈಸ್ನರನವು ಹಿಡಿದ ವಸ್ತು ಜಾರುವಾಗಿನ ಅಲುಗನ್ನು. ಪಚೀನಿಯವು ಸೆಕೆಂಡಿಗೆ ಇನ್ನೂರೈವತ್ತರ ಸುಮಾರಿನ ಸೂಕ್ಷ್ಮಕಂಪನವನ್ನು. ರುಫೀನಿಯವು ತೊಗಲಿನ ಎಳೆತವನ್ನು. ೧೯೬೦ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಹಾಗ್‌ಬಾರ್ತ್, ವಾಲ್ಬೊ ಎಂಬವರು ಎಚ್ಚರವಿರುವ ಮನುಷ್ಯನ ನರಕ್ಕೇ ಸೂಜಿಯನ್ನಿಳಿಸಿ ಒಂದೊಂದು ಎಳೆಯ ಸಂಕೇತವನ್ನು ದಾಖಲಿಸುವ ಕ್ರಮವನ್ನು ಕಂಡುಹಿಡಿದ ಮೇಲೆ ಈ ವಿಷಯಗಳು ದೃಢವಾದುವು. ಒಂದು ಅಂಗೈ ಮತ್ತು ಅದರ ಬೆರಳುಗಳಲ್ಲಿ ಇಂಥ ಸುಮಾರು ೧೭,೦೦೦ ಎಳೆಗಳು ಇವೆಯೆಂದು ೧೯೭೯ರಲ್ಲಿ ಅಂದಾಜು ಮಾಡಲಾಯಿತು. ಒತ್ತಿದೊಡನೆ ಬಾಗಿಲು ತೆರೆದಂತೆ ನರದೊಳಕ್ಕೆ ವಿದ್ಯುತ್ಕಣಗಳನ್ನು ಬಿಡುವ ಪೀಜೋ ಎಂಬ ಪ್ರೋಟೀನುಗಳನ್ನು ಪಟಪೂಟಿಯನ್ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಕಟಪಡಿಸಿದರು. ೨೦೨೧ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಆತನೂ, ಬಿಸಿಯನ್ನು ಅರಿಯುವ ದ್ವಾರವನ್ನು ಕಂಡ ಜೂಲಿಯಸನೂ ಹಂಚಿಕೊಂಡರು.

೬

ಹೀಗಿರಲು, ಗೊಮ್ಮಟಸಾರದ ‘ಅನೇಕಸಂಸ್ಥಾನ’ಕ್ಕೂ ಮೈಸ್ನರಾದಿಗಳು ಕಂಡ ಹಲವು ಆಕಾರಗಳಿಗೂ ಸಂಬಂಧವುಂಟೇ ಎಂಬ ಪ್ರಶ್ನೆ ಏಳುವುದು. ಹೊಸದೆಲ್ಲವೂ ಹಳೆಯ ಗ್ರಂಥದಲ್ಲಿದೆಯೆನ್ನುವವರು ಕೂಡಲೇ ಹೌದೆನ್ನಬಹುದು. ಅದು ಸಾಧುವಾದ ಮಾರ್ಗವಲ್ಲ. ನೇಮಿಚಂದ್ರರ ಮಾತಿನ ಅಭಿಪ್ರಾಯವು ಬೇರೆ. ಸ್ಪರ್ಶನವು ಮೈಯನ್ನೆಲ್ಲ ವ್ಯಾಪಿಸಿದೆ. ಮೈಯಾದರೋ ಮರಕ್ಕೊಂದು, ಹುಳುವಿಗೊಂದು, ಆನೆಗೊಂದು ಆಕಾರದ್ದು. ಆದುದರಿಂದ ಸ್ಪರ್ಶನದ ಆಕಾರವೂ ಹಲವು. ಸೂಕ್ಷ್ಮದರ್ಶಕದ ಕೆಳಗಿನ ಅನೇಕತೆ ಇದಲ್ಲ.

ಆದರೂ ಹಿಂದಿನವರ ಮಾತಿನಲ್ಲಿ ನಿಲ್ಲತಕ್ಕ ಅಂಶವೊಂದಿದೆ. ಕಣ್ಣಿಗೆ ಬೇಳೆಯನ್ನೂ ಮೂಗಿಗೆ ಹೂವನ್ನೂ ಹುಡುಕಿದವರು ಚರ್ಮಕ್ಕೆ ಒಂದು ಹೋಲಿಕೆಯನ್ನು ಕಟ್ಟಿಬಿಡಬಹುದಾಗಿತ್ತು. ಪದ್ಯದ ಪೂರಣಕ್ಕಾಗಿಯಾದರೂ ಹಾಗೆ ಮಾಡದೆ, ಇದು ಒಂದು ಆಕಾರಕ್ಕೆ ಸಿಕ್ಕದೆಂದು ಹೇಳಿ ಬಿಟ್ಟರು. ಫ್ರೇ ತಪ್ಪಿದುದು ಇಲ್ಲಿಯೇ: ಗುಣಕ್ಕೊಂದು ಆಕಾರವಿರಲೇಬೇಕೆಂದು ಆತನು ಹಟಹಿಡಿದನು. ಎಂಟು ಸ್ಪರ್ಶಗಳಿಗೆ ಎಂಟು ನರಾಗ್ರಗಳನ್ನು ಹುಡುಕಹೊರಟರೂ ಅದೇ ತಪ್ಪಾದೀತು. ಭಾರವನ್ನು ಅರಿಯುವುದರಲ್ಲಿ ಚರ್ಮಕ್ಕಿಂತ ಸ್ನಾಯುಗಳ ಪಾಲು ಹೆಚ್ಚು. ಒದ್ದೆಯನ್ನು ತಿಳಿಯುವುದಕ್ಕೆ ಮನುಷ್ಯನ ತೊಗಲಿನಲ್ಲಿ ಬೇರೆ ನರಾಗ್ರವೇ ಇಲ್ಲ; ತಂಪು ಒತ್ತಡಗಳು ಕೂಡಿ ಆ ಅರಿವನ್ನು ಹುಟ್ಟಿಸುತ್ತವೆ. ನಯ ಒರಟುಗಳನ್ನು ತಿಳಿಯಲು ಬೆರಳು ಚಲಿಸಬೇಕು. ಸುಮ್ಮನೆ ಇಟ್ಟ ಬೆರಳಿಗೆ ರೇಷ್ಮೆಯ ನಯವು ಸರಿಯಾಗಿ ತಿಳಿಯದು. ಹಿಂದಿನವರು ವಸ್ತುವಿನ ಗುಣಗಳನ್ನು ವಿಂಗಡಿಸಿದರು. ಈಚಿನವರು ಅಂಗದ ಭೇದಗಳನ್ನು ವಿಂಗಡಿಸಿದರು. ಎರಡು ಪಟ್ಟಿಗಳೂ ಬೇರೆ ಪ್ರಶ್ನೆಗಳಿಗೆ ಉತ್ತರಗಳು. ಅವು ನಿಜವಾಗಿ ಸಂಧಿಸುವುದು ಒಂದೇ ಕಡೆ: ನೋವಿನ ಪ್ರತ್ಯೇಕತೆಯಲ್ಲಿ.

೭

ಈ ಪ್ರತ್ಯೇಕತೆಯ ಬೆಲೆಯನ್ನು ತಿಳಿಸಿದುದು ಕುಷ್ಠರೋಗ. ೧೮೭೩ರಲ್ಲಿ ನಾರ್ವೆಯ ಹಾನ್ಸೆನ್ ಈ ರೋಗದ ಕ್ರಿಮಿಯನ್ನು ಕಂಡನು. ಅದು ಮೈಯ ತಂಪಾದ ಭಾಗಗಳಲ್ಲಿ ಬೆಳೆದು, ನರದೆಳೆಗಳಿಗೆ ಹೊದಿಕೆಯಾದ ಕೋಶಗಳನ್ನು ಹೊಗುತ್ತದೆ. ಬಣ್ಣಗೆಟ್ಟ ಮಚ್ಚೆಯಲ್ಲಿ ಮೊದಲು ತಂಪು ಬಿಸಿಗಳ ಭೇದ, ಆಮೇಲೆ ಹಗುರವಾದ ಮುಟ್ಟು, ಕಡೆಗೆ ನೋವು, ಸಾಮಾನ್ಯವಾಗಿ ಹೀಗೆ ಅರಿವು ಅಳಿಯುತ್ತ ಹೋಗುವುದು. ಲೋಕದಲ್ಲಿ ತೊನ್ನನ್ನೂ ಕುಷ್ಠವನ್ನೂ ಒಂದೇ ಎಂದು ಅಂಜುವುದುಂಟು. ತೊನ್ನಿನ ಬಿಳುಪಿನಲ್ಲಿ ಬಣ್ಣ ಮಾತ್ರ ಹೋಗಿರುವುದು, ಅರಿವು ಹೋಗಿರುವುದಿಲ್ಲ. ಹತ್ತಿಯ ಎಳೆಯನ್ನು ತಾಗಿಸಿದರೆ ರೋಗಿಗೆ ತಿಳಿಯುವುದು. ಕುಷ್ಠದ ಮಚ್ಚೆಯಲ್ಲಿ ತಿಳಿಯದು. ಸುಶ್ರುತನು ಹೇಳಿದ ಸ್ಪರ್ಶಹಾನಿಯು ಇಂದಿಗೂ ರೋಗವನ್ನು ಗುರುತಿಸುವ ಮುಖ್ಯ ಲಕ್ಷಣಗಳಲ್ಲಿ ಒಂದಾಗಿರುವುದು.

ಮಂಗಳೂರಿನ ಕಂಕನಾಡಿಯಲ್ಲಿ ೧೮೮೦ರಲ್ಲಿ ಔಷಧಾಲಯವನ್ನು ತೆರೆದಿದ್ದ ಫಾದರ್ ಮುಲ್ಲರ್ ಅವರು ೧೮೯೦ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ಕಟ್ಟಿಸಿದರು. ಆಗ ಈ ರೋಗಕ್ಕೆ ನಂಬತಕ್ಕ ಔಷಧವಿರಲಿಲ್ಲ. ೧೮೯೮ರ ಕಾಯಿದೆಯು ರೋಗಿಗಳನ್ನು ಬೇರ್ಪಡಿಸಿ ಇಡುವುದಕ್ಕೆ ಅಧಿಕಾರ ಕೊಟ್ಟಿತು. ಅದು ೨೦೧೬ರ ತನಕವೂ ರದ್ದಾಗಲಿಲ್ಲ. ಬೆರಳುಗಳು ಮೊಂಡಾಗುವುದನ್ನು ಕಂಡ ಜನರು, ಮಾಂಸವು ತಾನಾಗಿ ಕೊಳೆತು ಉದುರುತ್ತದೆಂದು ನಂಬಿದ್ದರು. ವೈದ್ಯರಲ್ಲಿಯೂ ಹಲವರು ಹಾಗೆಯೇ ಭಾವಿಸಿದ್ದರು. ೧೯೪೦ರ ದಶಕದ ಕೊನೆಯಿಂದ ವೆಲ್ಲೂರಿನಲ್ಲಿ ರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಪಾಲ್ ಬ್ರಾಂಡ್ ಈ ನಂಬಿಕೆಯನ್ನು ಮುರಿದರು. ಮಾಂಸವು ಕೊಳೆಯುವುದಲ್ಲ, ನೋವು ತಿಳಿಯದುದರಿಂದ ರೋಗಿಯು ಬಿಸಿಪಾತ್ರೆಯನ್ನು ಬರಿಗೈಯಲ್ಲಿ ಎತ್ತುವನು, ಮುಳ್ಳು ಹೊಕ್ಕ ಕಾಲಿನಲ್ಲಿ ಕುಂಟದೆ ನಡೆಯುವನು, ಗಾಯವಾದ ಬೆರಳಿಗೆ ವಿಶ್ರಾಂತಿ ಕೊಡದೆ ದುಡಿಯುವನು. ಹುಣ್ಣು ಎಲುಬಿಗಿಳಿಯುವುದು ಅದರಿಂದ. ನೋವು ಶತ್ರುವಲ್ಲ, ಕಾವಲುಗಾರನೆಂಬುದು ಆಗ ಸ್ಪಷ್ಟವಾಯಿತು. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವ ಕರಾವಳಿಯಂಥ ನಾಡಿನಲ್ಲಿ ಈ ತಿಳಿವಳಿಕೆಯ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಒಂದು ಜೊತೆ ಮೆತ್ತನೆಯ ಮೆಟ್ಟು, ದಿನಕ್ಕೊಮ್ಮೆ ಅಂಗಾಲನ್ನು ಕಣ್ಣಿನಿಂದ ಪರೀಕ್ಷಿಸುವ ಅಭ್ಯಾಸ, ಇವು ಹೋದ ಇಂದ್ರಿಯದ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡಬಲ್ಲುವು.

ಫ್ರೇಯ ಕೂದಲಿಗೆ ಇಲ್ಲಿ ಹೊಸ ಜನ್ಮವಾಯಿತು. ಕೂದಲಿನ ಬದಲಿಗೆ ನೈಲಾನಿನ ಎಳೆಗಳನ್ನು ಬಳಸುವ ರೂಢಿ ೧೯೬೦ರ ಸುಮಾರಿಗೆ ಬಂದಿತು. ಎರಡು ಗ್ರಾಮಿನ ಒತ್ತಡದ ಎಳೆ ಅಂಗೈಗೆ, ಹತ್ತು ಗ್ರಾಮಿನದು ಅಂಗಾಲಿಗೆ. ಬಾಗುವ ತನಕ ಒತ್ತಿದಾಗ ಕಣ್ಣುಮುಚ್ಚಿದ ರೋಗಿಯು ಮುಟ್ಟಿದೆಡೆಯನ್ನು ತೋರಿಸಲಾರದಿದ್ದರೆ ರಕ್ಷಿಸುವ ಅರಿವು ಹೋಗಿದೆಯೆಂದು ಅರ್ಥ. ಯೂರೋಪಿನ ಪ್ರಯೋಗಶಾಲೆಯಲ್ಲಿ ಕುತೂಹಲಕ್ಕಾಗಿ ಹುಟ್ಟಿದ ಉಪಾಯವು ಈ ದೇಶದ ರೋಗಿಗಳ ಕೈಕಾಲುಗಳನ್ನು ಉಳಿಸುವುದಕ್ಕೆ ಬಂದಿತು. ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಿಧಿಸಿದ ಮೇಲೆ ರೋಗವು ವಾಸಿಯಾಗತೊಡಗಿತು. ೨೦೦೫ರ ಡಿಸೆಂಬರಿನಲ್ಲಿ ಭಾರತವು ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಮೆಯೆಂಬ ಗುರಿಯನ್ನು ಮುಟ್ಟಿತು. ರೋಗ ಅಳಿದುಹೋಗಲಿಲ್ಲ, ಹೊಸ ರೋಗಿಗಳು ಇನ್ನೂ ಕಂಡುಬರುತ್ತಲೇ ಇದ್ದಾರೆ. ಕ್ರಿಮಿ ಸತ್ತರೂ ಬಹುಕಾಲದ ಹಿಂದೆ ಹಾಳಾದ ನರವು ಹಿಂದಿರುಗದು.

೮

ಇನ್ನು ಉಳಿದಿರುವುದು ಕಾರ್ಕಳದ ಮೂರ್ತಿಯ ವಿಚಾರ. ಬಾಹುಬಲಿಯ ಕಾಲುಗಳನ್ನು ತಬ್ಬಿ ಬಳ್ಳಿ ಏರಿದೆ. ಅವನು ಅದನ್ನು ಕೊಡವಿಕೊಳ್ಳದೆ ನಿಂತಿರುವನು. ಅರಿಯದವರು ಇದನ್ನು ನೋಡಿ, ತಪಸ್ಸೆಂದರೆ ಮೈಯ ಅರಿವು ಸತ್ತುಹೋಗುವುದೆಂದು ತಿಳಿಯಬಹುದು. ಶಾಸ್ತ್ರವು ಹಾಗೆ ಹೇಳುವುದಿಲ್ಲ. ಮುನಿಯು ಸಹಿಸತಕ್ಕ ಇಪ್ಪತ್ತೆರಡು ಪರೀಷಹಗಳಲ್ಲಿ ಶೀತ, ಉಷ್ಣ, ಸೊಳ್ಳೆನೊಣಗಳ ಕಡಿತ, ರೋಗ ಇವುಗಳ ಜೊತೆಗೆ ತೃಣಸ್ಪರ್ಶವೂ ಒಂದು. ಹುಲ್ಲಿನ ಎಸಳು ಮೈಗೆ ತಾಗುವುದನ್ನು ಸಹ ಗಣನೆಗೆ ತಂದಿದ್ದಾರೆ. ಹುಲ್ಲು ತಾಗಿದುದು ತಿಳಿಯದವನಿಗೆ ಅದನ್ನು ಸಹಿಸಿದ ಫಲವೆಲ್ಲಿಯದು? ಪರೀಷಹಜಯಕ್ಕೆ ಸ್ಪರ್ಶನೇಂದ್ರಿಯವು ಪೂರ್ಣವಾಗಿ ಎಚ್ಚರವಿರಬೇಕು. ಬಾಹುಬಲಿಗೆ ಬಳ್ಳಿಯ ತಾಗು ತಿಳಿದಿತ್ತು; ತಿಳಿದೂ ಅವನು ಕದಲಲಿಲ್ಲ. ಕುಷ್ಠರೋಗಿಗೆ ಮುಳ್ಳಿನ ತಾಗು ತಿಳಿಯದು. ತಿಳಿಯದೆ ಅವನು ಕಾಲನ್ನು ಕಳೆದುಕೊಳ್ಳುವನು. ನೋಡುವವರಿಗೆ ಎರಡೂ ಒಂದೇ ಬಗೆಯ ಸ್ಥೈರ್ಯವಾಗಿ ಕಂಡರೂ ಒಂದು ಗೆಲವು, ಇನ್ನೊಂದು ಹಾನಿ. ದ್ರವ್ಯೇಂದ್ರಿಯ ಭಾವೇಂದ್ರಿಯಗಳ ಭೇದವು ಉಪಯೋಗಕ್ಕೆ ಬರುವುದು ಇಲ್ಲಿಯೇ. ಕುಷ್ಠರೋಗವನ್ನು ಪಾಪದ ಫಲವೆಂದು ದೂರಿದವರೂ, ರೋಗಿಯ ನೋಯದಿರುವಿಕೆಯನ್ನು ಕಂಡು ಬೆರಗಾದವರೂ ಈ ಭೇದವನ್ನು ಮರೆತಿದ್ದರು.

ಕನ್ನಡ ಭಾಷೆಯೂ ಈ ಚರಿತ್ರೆಗೆ ಸಾಕ್ಷಿಯಾಗಿದೆ. ವೇದನೆಯೆಂಬ ಶಬ್ದಕ್ಕೆ ಮೂಲದಲ್ಲಿ ಅರಿವೆಂದು ಅರ್ಥವಿದ್ದು, ಕನ್ನಡದ ಬಳಕೆಯಲ್ಲಿ ಅದು ನೋವಿನ ಅರಿವಿಗೇ ನಿಂತುಹೋಯಿತು. ಸ್ಪರ್ಶಮಣಿಯು ಪರುಸವಾಗಿ, ಮುಟ್ಟಿದೊಡನೆ ಕಬ್ಬಿಣವನ್ನು ಹೊನ್ನುಮಾಡುವ ಕಲ್ಲಾಯಿತು. ಅಚ್ಚಗನ್ನಡದ ‘ಸೋಂಕು’ ಎಂಬ ಮಾತಿನ ಗತಿ ಇವೆರಡಕ್ಕಿಂತ ವಿಚಿತ್ರವಾದುದು. ಹಳಗನ್ನಡದಲ್ಲಿ ಸೋಂಕೆಂದರೆ ಬರಿಯ ತಾಗುವಿಕೆ. ಗಾಳಿಯ ಸೋಂಕು, ನಲ್ಲರ ಸೋಂಕು. ಸೋಂಕಿಲೆಂದರೆ ಮಗುವನ್ನು ಕುಳ್ಳಿರಿಸಿಕೊಳ್ಳುವ ಮಡಿಲು. ಈಗಿನ ಬಳಕೆಯಲ್ಲಿ ಸೋಂಕೆಂದರೆ ಒಬ್ಬರಿಂದೊಬ್ಬರಿಗೆ ಹತ್ತುವ ರೋಗ. ಮಡಿಲಿಗೆ ಹೆಸರು ಕೊಟ್ಟ ಮಾತು ಅಂಜಿಕೆಗೆ ಹೆಸರಾಯಿತು.

ಈ ಅಂಜಿಕೆಯು ಕುಷ್ಠರೋಗಿಯನ್ನು ಎರಡು ಸಲ ಸ್ಪರ್ಶಹೀನನನ್ನಾಗಿ ಮಾಡಿತು. ರೋಗವು ಅವನ ಚರ್ಮದಿಂದ ಮುಟ್ಟಿನ ಅರಿವನ್ನು ಕಿತ್ತುಕೊಂಡಿತು. ಲೋಕವು ಅವನನ್ನು ಮುಟ್ಟುವುದನ್ನು ಬಿಟ್ಟಿತು. ಮೊದಲನೆಯ ಹಾನಿಗೆ ಕ್ರಿಮಿ ಕಾರಣ, ಎರಡನೆಯದಕ್ಕೆ ಮನುಷ್ಯರೇ ಕಾರಣ. ತೊಗಲಿನ ಒಂದು ಬಗೆಯ ಸಣ್ಣ ನರದೆಳೆಗಳು ಮೆಲ್ಲನೆ ನೇವರಿಸಿದಾಗಲೇ ಹೆಚ್ಚಾಗಿ ಮಿಡಿಯುತ್ತವೆಂದೂ, ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರಿನ ವೇಗದಲ್ಲಿ ಸರಿಯುವ ಅಂಗೈ ಅವುಗಳಿಗೆ ಹೆಚ್ಚು ಒಪ್ಪುವುದೆಂದೂ ಈಚಿನ ಶಾಸ್ತ್ರಜ್ಞರು ಕಂಡಿದ್ದಾರೆ. ತಾಯಿ ಮಗುವಿನ ಬೆನ್ನನ್ನು ಸವರುವ ವೇಗವೂ ಸರಿಸುಮಾರು ಅದೇ. ವಸ್ತುವಿನ ಗುಣವನ್ನು ತಿಳಿಸುವುದು ಮಾತ್ರವೇ ಸ್ಪರ್ಶದ ಕೆಲಸವಲ್ಲ, ಇನ್ನೊಂದು ಜೀವವು ಬಳಿಯಲ್ಲಿದೆಯೆಂದು ತಿಳಿಸುವುದೂ ಅದರ ಕೆಲಸವೆಂಬುದು ಇದರಿಂದ ಏರ್ಪಡುತ್ತದೆ. ಸ್ಪರ್ಶನವಿಲ್ಲದೆ ಜೀವವಿಲ್ಲವೆಂದು ಸಾರಿದ ಗ್ರಂಥಗಳ ಓಲೆಗಳನ್ನು ಮೂಡಬಿದಿರೆಯಲ್ಲಿ ಕಾಪಾಡಿದ ಇದೇ ನಾಡಿನಲ್ಲಿ, ಆ ಮಾತಿನ ಅರ್ಥವನ್ನು ಕಂಕನಾಡಿಯ ರೋಗಿಗಳು ತಮ್ಮ ಮೈಯಿಂದಲೇ ತಿಳಿದರು.